ಎರಡೂ ಬೊಜ್ಜಿನ ಇಲಿಗಳೇ, ಒಂದರ ಮೈ ಮಾತ್ರ ತಣ್ಣಗೆ ಏಕೆ?

ಹೊಸಪಂಜರ:
22 ಡಿಗ್ರಿ ಕೋಣೆಯಲ್ಲಿ ಎರಡು ಬಗೆಯ ಇಲಿಗಳಿವೆ. ಒಂದು, ಲೆಪ್ಟಿನ್ (ಕೊಬ್ಬಿನ ಕೋಶಗಳು ಸ್ರವಿಸುವ, ಹಸಿವು ತಗ್ಗಿಸುವ ಹಾರ್ಮೋನು) ಹುಟ್ಟಿನಿಂದಲೇ ಇಲ್ಲದ ಒಬಿ/ಒಬಿ ತಳಿ. ಇನ್ನೊಂದು, 60% ಕ್ಯಾಲೊರಿ ಕೊಬ್ಬಿನಿಂದಲೇ ಬರುವ ಆಹಾರವನ್ನು 14 ವಾರ ತಿಂದ ಸಿ57ಬಿಎಲ್/6ಜೆ ಎಂಬ ಸಾಮಾನ್ಯ ಪ್ರಯೋಗಾಲಯ ತಳಿ. ಗುದದ್ವಾರದ ಪ್ರೋಬ್‌ನಲ್ಲಿ ಮೊದಲನೆಯದು ಸುಮಾರು 35 ಡಿಗ್ರಿ ತೋರಿಸುತ್ತದೆ. ಎರಡನೆಯದು ತೆಳ್ಳಗಿನ ಇಲಿಗಳಷ್ಟೇ, ಕೆಲವೊಮ್ಮೆ ತುಸು ಹೆಚ್ಚು. ಕೊಬ್ಬು ಕಂಬಳಿಯಂತೆ ಶಾಖ ಹಿಡಿದಿಡುವುದಾದರೆ ಎರಡೂ ಬೆಚ್ಚಗಿರಬೇಕಲ್ಲವೇ? ಮುಂದಿನ ಹಂತ 4 ಡಿಗ್ರಿಯ ಚಳಿ ಪರೀಕ್ಷೆ. ಅದಕ್ಕೆ ಮೊದಲು ಏನು ಸರಿಮಾಡಿಕೊಳ್ಳಬೇಕು?

ಕಂದುಕೊಬ್ಬು:
ಕಂಬಳಿಯ ಹೋಲಿಕೆಯನ್ನು ಇಲಿಗೆ ಹಚ್ಚಬೇಡಿ. ಇಲಿಯ ಮುಖ್ಯ ಹೊದಿಕೆ ರೋಮ. ಬೊಜ್ಜು ಬಂದರೂ ಶಾಖ ಸೋರುವ ವೇಗ ಗಮನಾರ್ಹವಾಗಿ ತಗ್ಗುವುದಿಲ್ಲ.

ಒಬಿ/ಒಬಿಯಲ್ಲಿ ತಾಪ ಇಳಿಯುವುದಕ್ಕೆ ಕಾರಣ ಕೊಬ್ಬಲ್ಲ, ಲೆಪ್ಟಿನ್ ಇಲ್ಲದಿರುವುದು. ಮೆದುಳು ಕಾಯ್ದುಕೊಳ್ಳುವ ತಾಪದ ಮಟ್ಟವೇ ಅಲ್ಲಿ ಕೆಳಗಿದೆ. ಜೊತೆಗೆ ಭುಜದ ಮೂಳೆಗಳ ನಡುವಿನ, ಶಾಖ ಹುಟ್ಟಿಸುವ ಕಂದು ಕೊಬ್ಬಿಗೆ ನರಗಳ ಮೂಲಕ ಬರುವ ನಾರ್‌ಎಪಿನೆಫ್ರಿನ್ ಪ್ರಚೋದನೆ ಕಡಿಮೆ, ಅಲ್ಲಿ ಶಾಖ ಹುಟ್ಟಿಸುವ ಯುಸಿಪಿ1 ಪ್ರೋಟೀನೂ ಕಡಿಮೆ. ಲೆಪ್ಟಿನ್ ಚುಚ್ಚಿದರೆ ತಾಪ ಏರುತ್ತದೆ, ಅದೂ ಬಹುಮಟ್ಟಿಗೆ ಶಾಖ ಸೋರಿಕೆ ತಗ್ಗುವುದರಿಂದ. ಆಹಾರದಿಂದ ದಪ್ಪಗಾದ ಇಲಿಯಲ್ಲಿ ಲೆಪ್ಟಿನ್ ಧಾರಾಳವಾಗಿದೆ. ಆದ್ದರಿಂದ "ಬೊಜ್ಜಿನ ಪರಿಣಾಮ" ಎಂದು ಎರಡನ್ನೂ ಒಂದೇ ಗುಂಪಿಗೆ ಸೇರಿಸಬೇಡಿ.

ಶಾಖಮಾಪಕ:
ಅಳತೆಯಲ್ಲೇ ಅರ್ಧ ತಪ್ಪು ಸೇರಿಕೊಳ್ಳುತ್ತದೆ. ಪ್ರೋಬ್ ಪ್ರತಿಸಲವೂ 2 ಸೆಂ.ಮೀ. ಒಳಗೆ ಹೋಗಬೇಕು, ಮೇಲೆಯೇ ನಿಂತರೆ ಕಡಿಮೆ ಓದುತ್ತದೆ. ಕೈಯಲ್ಲಿ ಹಿಡಿದ ಗಾಬರಿಗೇ ಹತ್ತು ನಿಮಿಷದಲ್ಲಿ ಒಂದು ಡಿಗ್ರಿಯಷ್ಟು ಏರಬಹುದು. ಒಂದೇ ಪಂಜರದಿಂದ ಒಂದೊಂದಾಗಿ ತೆಗೆದರೆ ಕೊನೆಯ ಇಲಿ ಮೊದಲನೆಯದಕ್ಕಿಂತ ಬೆಚ್ಚಗೆ ಸಿಗುವುದು ಇದರಿಂದಲೇ. ಸಮಯವೂ ಮುಖ್ಯ: ದೀಪ ಆರಿದ ಮೇಲೆ ಇಲಿ ಚುರುಕಾಗುತ್ತದೆ, ತಾಪ ಒಂದು ಡಿಗ್ರಿಗೂ ಹೆಚ್ಚು ಏರುತ್ತದೆ.

ಹಣಕಾಸು ಒದಗಿದರೆ ಹೊಟ್ಟೆಯೊಳಗೆ, ತಾಪವನ್ನು ನಿಸ್ತಂತುವಾಗಿ ಕಳುಹಿಸುವ ಟೆಲಿಮೆಟ್ರಿ ಟ್ರಾನ್ಸ್‌ಮಿಟರ್ ಇಡಿ, ಶಸ್ತ್ರಚಿಕಿತ್ಸೆಯ ನಂತರ 7ರಿಂದ 10 ದಿನ ಚೇತರಿಕೆಗೆ ಬಿಡಿ. ಭುಜಗಳ ನಡುವೆ ಚರ್ಮದಡಿ ಇಡುವ ಚಿಪ್ ದೇಹದ ಒಳತಾಪಕ್ಕೆ ಬದಲಿಯಲ್ಲ. ಅದು ಪಕ್ಕದ ಕಂದು ಕೊಬ್ಬಿನ ಶಾಖವನ್ನೂ ಹೊರಗಿನ ಚಳಿಯನ್ನೂ ಬೆರೆಸಿ ಓದುತ್ತದೆ.

ಪ್ರಾಣಿಕೋಣೆ:
ಚಳಿ ಪರೀಕ್ಷೆಗೆ ಒಂದು ಎಚ್ಚರಿಕೆ: ಒಬಿ/ಒಬಿಯನ್ನು 22ರಿಂದ ನೇರ 4 ಡಿಗ್ರಿಗೆ ಹಾಕಿದರೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಹಂತಹಂತವಾಗಿ ತಂಪಿಗೆ ಒಗ್ಗಿಸಿದರೆ ಬದುಕುತ್ತದೆ. ಒಂದು ಪಂಜರಕ್ಕೆ ಒಂದೇ ಇಲಿ. ಗೂಡು ಕಟ್ಟುವ ವಸ್ತು ಎಲ್ಲಕ್ಕೂ ಇರಲಿ ಅಥವಾ ಯಾವುದಕ್ಕೂ ಬೇಡ. 30 ನಿಮಿಷಕ್ಕೊಮ್ಮೆ ಅಳೆಯಿರಿ. ಯಾವ ತಾಪಕ್ಕೆ ನಿಲ್ಲಿಸಬೇಕೆಂಬುದನ್ನು ನೈತಿಕ ಸಮಿತಿಯ ಒಪ್ಪಿಗೆಯಲ್ಲಿ ಮೊದಲೇ ಬರೆಸಿ, ಆ ಅಂಕಿ ಮುಟ್ಟಿದ ಕೂಡಲೇ ಬೆಚ್ಚಗಿನ ಪಂಜರಕ್ಕೆ ಸ್ಥಳಾಂತರಿಸಿ. ಆಹಾರ ತೆಗೆಯಬೇಡಿ: ಹಸಿದ ಇಲಿ ಮೈ ತಣ್ಣಗಾಗಿ ಜಡವಾಗುವ ಸ್ಥಿತಿಗೆ, ಅಂದರೆ ಟಾರ್ಪರ್‌ಗೆ ಜಾರುತ್ತದೆ, ಒಬಿ/ಒಬಿ ಇನ್ನೂ ಬೇಗ. ಆಗ ಇಳಿದ ತಾಪ ಚಳಿಯಿಂದಲೋ ಹಸಿವಿನಿಂದಲೋ ಹೇಳಲಾಗದು.

ಹೊಸಪಂಜರ:
ಆಮ್ಲಜನಕ ಬಳಕೆಯನ್ನೂ ಅಳೆಯುತ್ತಿದ್ದೇವೆ. ಪ್ರತಿ ಗ್ರಾಂಗೆ ಲೆಕ್ಕ ಹಾಕಿದರೆ ದಪ್ಪ ಇಲಿಗಳಲ್ಲಿ ಬಹಳ ಕಡಿಮೆ ಬರುತ್ತಿದೆ.

ಕಂದುಕೊಬ್ಬು:
ಭಾಗಾಕಾರವೇ ದಾರಿ ತಪ್ಪಿಸಿದೆ. ಉದಾಹರಣೆಗೆ 28 ಗ್ರಾಂ ಇಲಿ 100 ಮಿ.ಲೀ., 45 ಗ್ರಾಂ ಇಲಿ 115 ಮಿ.ಲೀ. ಬಳಸಿತು ಎನ್ನಿ. ಗ್ರಾಂಗೆ 3.6 ಮತ್ತು 2.6 ಆಗುತ್ತದೆ, ಆದರೆ ದಪ್ಪ ಇಲಿ ಸುಟ್ಟಿದ್ದು ಹೆಚ್ಚೇ. ಕೊಬ್ಬಿನ ಅಂಗಾಂಶ ತೂಕ ಸೇರಿಸುತ್ತದೆ, ಆಮ್ಲಜನಕ ಹೆಚ್ಚು ಬಳಸುವುದಿಲ್ಲ. ಇಡೀ ಇಲಿಯ ಬಳಕೆಯನ್ನೇ ಇಟ್ಟುಕೊಂಡು ಕೊಬ್ಬುರಹಿತ ತೂಕವನ್ನು ಸಹಚರವಾಗಿ ಸೇರಿಸಿ ಅಂಕೋವಾ (ತೂಕದ ವ್ಯತ್ಯಾಸವನ್ನು ಸರಿದೂಗಿಸಿ ಗುಂಪುಗಳನ್ನು ಹೋಲಿಸುವ ಸಂಖ್ಯಾಶಾಸ್ತ್ರ ವಿಧಾನ) ಮಾಡಿ.

ಸಾಧ್ಯವಾದರೆ ಒಂದು ಗುಂಪನ್ನು 30 ಡಿಗ್ರಿಯಲ್ಲೂ ಸಾಕಿ. ನಮಗೆ ಹಿತವೆನಿಸುವ 22 ಡಿಗ್ರಿ ಇಲಿಗೆ ಚಳಿ, ಅದರ ಶಕ್ತಿಯ ದೊಡ್ಡ ಪಾಲು ಮೈ ಕಾಯಿಸಲಿಕ್ಕೇ ಹೋಗುತ್ತದೆ. ಯುಸಿಪಿ1 ಇಲ್ಲದ ಇಲಿಗಳು ಸಾಮಾನ್ಯ ಕೋಣೆಯಲ್ಲಿ ದಪ್ಪಗಾಗದೆ, 30ರ ಆಸುಪಾಸಿನಲ್ಲಿ ಸಾಕಿದಾಗ ದಪ್ಪಗಾದದ್ದು 2009ರಲ್ಲಿ ವರದಿಯಾಯಿತು. ಕೋಣೆಯ ತಾಪ ಬರೆಯದ ಬೊಜ್ಜಿನ ಫಲಿತಾಂಶವನ್ನು ಓದುವುದೇ ಕಷ್ಟ.