ಅಪ್‌ಡೇಟ್: ಕೆಲಸದ ಜೊತೆಗೇ ಎಕ್ಸೆಲ್ ಕಲಿಯುತ್ತಿದ್ದೇನೆ

ಜೂನ್‌ನಲ್ಲಿ ಕೇಳಿದ್ದೆ: ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ) ಲೆಕ್ಕ ಬರೆಯುತ್ತೇನೆ, ಮನೆ ಸೇರುವಾಗ ರಾತ್ರಿ ಎಂಟು, ಎಕ್ಸೆಲ್ ಕಲಿಯಲು ಟೈಮ್ ಎಲ್ಲಿಂದ ತರಲಿ ಅಂತ. ಉತ್ತರ ಕೊಟ್ಟವರಿಗೆಲ್ಲ ಇದು.

ರಾತ್ರಿ ಓದುವುದು ಆಗಲೇ ಇಲ್ಲ. ಊಟ ಆದ ಮೇಲೆ ಕೂತರೆ ಹತ್ತೇ ನಿಮಿಷಕ್ಕೆ ಕಣ್ಣು ಎಳೆಯುತ್ತಿತ್ತು. ಈಗ ಬೆಳಿಗ್ಗೆ ಐದೂವರೆಯಿಂದ ಆರೂಕಾಲು. ಮಳೆಗೆ ಕರೆಂಟ್ ಹೋಗುತ್ತದಲ್ವಾ, ಅದಕ್ಕೆ ವಿಡಿಯೋ ಮೊದಲೇ ಡೌನ್‌ಲೋಡ್ ಮಾಡಿ, ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿ ಮಲಗುತ್ತೇನೆ.

ಆದರೆ ಟೈಮ್‌ಗಿಂತ ಜಾಸ್ತಿ ಸಹಾಯ ಮಾಡಿದ್ದು ಒಬ್ಬರ ಮಾತು: 'ನಿಮ್ಮ ಲೆಕ್ಕವನ್ನೇ ಇಟ್ಟುಕೊಂಡು ಕಲಿಯಿರಿ.' 50 ಕಿಲೋ ಅರೇಬಿಕಾ ಪಾರ್ಚ್‌ಮೆಂಟ್ (ಒಳಸಿಪ್ಪೆ ಇನ್ನೂ ತೆಗೆಯದ ಬೀಜ) ಚೀಲಕ್ಕೆ ಸುಮಾರು 40 ಕಿಲೋ ಕ್ಲೀನ್ ಕಾಫಿ ಬರುತ್ತದೆ. ಅದು ಎ, ಬಿ, ಸಿ, ಪೀಬೆರಿ (ಒಂಟಿ ದುಂಡು ಬೀಜ) ಅಂತ ಗ್ರೇಡ್‌ಗಳಾಗಿ ಬೇರೆಯಾಗುತ್ತದೆ. ಒಬ್ಬೊಬ್ಬ ಬೆಳೆಗಾರರ ಔಟ್‌ಟರ್ನ್, ಅಂದರೆ ಚೀಲಕ್ಕೆ ಎಷ್ಟು ಕ್ಲೀನ್ ಕಾಫಿ ಬಂತು ಅನ್ನುವುದು, ಒಂದೊಂದು ಥರ. ರಿಜಿಸ್ಟರ್ ನೋಡಿ ಇದನ್ನು ಕೂಡಿಸಲು ಅರ್ಧ ದಿನ ಹೋಗುತ್ತಿತ್ತು. ಹಳೆಯ ಲಾಟ್‌ಗಳ ಲೆಕ್ಕವನ್ನೇ ಶೀಟ್‌ಗೆ ಹಾಕಿ ಪಿವಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ತಾನೇ ಕೂಡಿಸುವ ಎಕ್ಸೆಲ್ ಸೌಲಭ್ಯ) ಕಲಿತೆ. ಈಗ ಹತ್ತು ನಿಮಿಷದ ಕೆಲಸ. ಮೊದಲ ಸಲ ಮೊತ್ತ ರಿಜಿಸ್ಟರ್ ಜೊತೆ ತಾಳೆಯಾದಾಗ ತುಂಬಾ ಖುಷಿಯಾಯಿತು.

ಜನವರಿಯಿಂದ ನಮ್ಮಲ್ಲಿ ಕೆಲಸ ಜೋರು. ಆಗ ದಿನಕ್ಕೆ ಇಪ್ಪತ್ತು ನಿಮಿಷ ಸಾಕು ಅಂದುಕೊಂಡಿದ್ದೇನೆ. ಹೊಸ ಪಾಠ ಬೇಡ, ಕಲಿತದ್ದನ್ನೇ ಬಳಸುವುದು. ಮುಂದಿನ ಮಳೆಗಾಲಕ್ಕೆ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಶುರು ಮಾಡುವ ಆಸೆ ಇದೆ. ಕೆಲಸದ ಜೊತೆಗೇ ಅದನ್ನು ಕಲಿತವರು ಇದ್ದರೆ ಎಲ್ಲಿಂದ ಶುರು ಮಾಡಿದಿರಿ ಅಂತ ದಯವಿಟ್ಟು ತಿಳಿಸಿ.