ವೋಲ್ಟೇಜ್ ಅಳೆಯುವಾಗ ಮೀಟರೇ ಸರ್ಕ್ಯೂಟನ್ನು ಬದಲಿಸುತ್ತದೆಯೇ?

ಪ್ರಶ್ನೆ: 10 ವೋಲ್ಟ್ ಪೂರೈಕೆಗೆ ತಲಾ 1 ಮೆಗಾಓಮ್‌ನ ಎರಡು ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಜೋಡಿಸಿದ್ದೇನೆ. ಒಂದೊಂದಕ್ಕೂ 5 ವೋಲ್ಟ್ ಬರಬೇಕಾದಲ್ಲಿ ಡಿಜಿಟಲ್ ಮಲ್ಟಿಮೀಟರ್ 4.76 ತೋರಿಸುತ್ತಿದೆ. ರೆಸಿಸ್ಟರ್‌ಗಳನ್ನು ಅದಲುಬದಲು ಮಾಡಿದರೂ ಅಂಕಿ ಕದಲಲಿಲ್ಲ. ದೋಷ ಎಲ್ಲಿದೆ?

ಉತ್ತರ 1: ದೋಷ ಯಾವುದರಲ್ಲೂ ಇಲ್ಲ. ನಿಮ್ಮ ಮೀಟರಿನ ಒಳರೋಧ ಸುಮಾರು 10 ಮೆಗಾಓಮ್ ಇದ್ದು, ಪ್ರೋಬ್ ತಾಗಿಸಿದೊಡನೆ ಅದು ರೆಸಿಸ್ಟರಿಗೆ ಸಮಾಂತರವಾಗಿ ಸೇರಿಕೊಳ್ಳುವುದರಿಂದ, ಆ ಭಾಗದ ರೋಧ 0.909 ಮೆಗಾಓಮ್‌ಗೆ ಇಳಿದು ವೋಲ್ಟೇಜಿನ ಹಂಚಿಕೆಯೇ ಬದಲಾಗುತ್ತದೆ. ಪ್ರೋಬ್ ತಾಗಿರುವಷ್ಟು ಹೊತ್ತು ಅಲ್ಲಿ ನಿಜವಾಗಿಯೂ 4.76 ವೋಲ್ಟ್ ಮಾತ್ರ ಇರುತ್ತದೆ.

ಉತ್ತರ 2: ಪ್ರತಿ ವೋಲ್ಟಿಗೆ 20 ಕಿಲೋಓಮ್ ಒಳರೋಧ ಇರುವ ಮುಳ್ಳಿನ ಮೀಟರನ್ನು 10 ವೋಲ್ಟ್ ರೇಂಜಿನಲ್ಲಿಟ್ಟು (ಆಗ ಅದರ ಒಳರೋಧ ಒಟ್ಟು 200 ಕಿಲೋಓಮ್ ಮಾತ್ರ) ಅಳೆದಿದ್ದರೆ ಸುಮಾರು 1.43 ವೋಲ್ಟ್ ಮಾತ್ರ ಕಾಣುತ್ತಿತ್ತು.

ಪ್ರಶ್ನೆ ಕೇಳಿದವರು: ಮೀಟರಿನ ಒಳರೋಧಕ್ಕಿಂತ ತೀರಾ ಕಡಿಮೆಯಾದ 10 ಕಿಲೋಓಮ್ ರೆಸಿಸ್ಟರ್‌ಗಳನ್ನು ಹಾಕಿ ಅಳೆದೆ, 5.00 ಬಂತು. ಧನ್ಯವಾದಗಳು.