48 ವೋಲ್ಟ್ ಫೋರ್ಕ್‌ಲಿಫ್ಟ್ ಚಾರ್ಜರ್: ರಾತ್ರಿಯೆಲ್ಲ ಹಾಕಿದ್ರೂ ಫುಲ್ ಆಗ್ತಿಲ್ಲ, ತಲೆ ಕೆಟ್ಟೋಗಿದೆ

ದಾಬಸ್‌ಪೇಟೆ_ಗೋಡೌನ್:
ಗುರುಗಳೇ, ಯಾರಾದ್ರೂ ದಾರಿ ತೋರಿಸಿ. ನಮ್ಮ ಚಾರ್ಜರ್ ಕೈ ಕೊಟ್ಟಿದೆ. ರಾತ್ರಿ ಹಾಕಿ ಬೆಳಿಗ್ಗೆ ತೆಗೆದ್ರೆ ಊಟದ ಹೊತ್ತಿಗೆ ಗಾಡಿ ತೆವಳುತ್ತೆ, ಪ್ಯಾಲೆಟ್ ಎತ್ತೋಕೆ ಮುಕ್ಕರಿಯುತ್ತೆ. ಸರ್ವಿಸ್‌ನವರು ಬಂದು ಕಂಟ್ರೋಲ್ ಕಾರ್ಡ್ ಬದಲಾಯಿಸಬೇಕು ಅಂದು ಹೋದ್ರು. ಕೊಟೇಶನ್ ನೋಡಿದಾಗಿಂದ ಓನರ್ ನನ್ನೇ ದುರುಗುಟ್ಟಿ ನೋಡ್ತಿದ್ದಾರೆ. ಸಪ್ಲೈ ಎಲ್ಲ ಚೆಕ್ ಮಾಡಿದ್ದೀನಿ, ಸರಿಯಾಗಿದೆ. ಏನಿರಬಹುದು?

ಹಳೇ_ವೈಂಡರ್:
ಚಾರ್ಜರ್ ಎಷ್ಟು ಆಂಪ್ಸ್? ಬ್ಯಾಟರಿ ಎಷ್ಟು ಎಎಚ್ (ಆಂಪಿಯರ್-ಅವರ್)? ಸಿಂಗಲ್ ಫೇಸಾ, ತ್ರೀ ಫೇಸಾ? ಎಸ್‌ಸಿಆರ್ (ಕರೆಂಟ್ ಹೆಚ್ಚು ಕಮ್ಮಿ ಮಾಡೋ ಎಲೆಕ್ಟ್ರಾನಿಕ್ ಸ್ವಿಚ್) ಟೈಪಾ, ಹೈ ಫ್ರೀಕ್ವೆನ್ಸಿನಾ? ಬರೀ "ಕೈ ಕೊಟ್ಟಿದೆ" ಅಂದ್ರೆ ನಾವೇನು ಕವಡೆ ಹಾಕಿ ನೋಡ್ಬೇಕಾ?

ಆಸಿಡ್_ಅಣ್ಣ:
ಇದರಲ್ಲಿ ಕೇಳೋದೇನಿದೆ, ಸಲ್ಫೇಷನ್. ಪ್ಲೇಟ್ ಮೇಲೆ ಬಿಳಿ ಕಟ್ಟಿರುತ್ತೆ, ಚಾರ್ಜ್ ಹಿಡಿಯಲ್ಲ. ಚಾರ್ಜರ್ ಮುಟ್ಟಬೇಡಿ, ಬ್ಯಾಟರಿ ನೋಡಿ.

ತಾರಿಹಾಳ_ಟೆಕ್:
ಆಸಿಡ್ ಸಾಂದ್ರತೆ ಅಳೆಯೂ ಹೈಡ್ರೋಮೀಟರ್ ಹಾಕಿ ನೋಡೀರೇನ್ರಿ? ಒಂದೊಂದ್ ಸೆಲ್ಲಿಂದೂ ರೀಡಿಂಗ್ ಬರದು ಹಾಕ್ರಿ. ಅಂದಾಜಿನ್ಯಾಗ ಬ್ಯಾಟರಿ ಕೊಲ್ಲಬ್ಯಾಡ್ರಿ.

ದಾಬಸ್‌ಪೇಟೆ_ಗೋಡೌನ್:
80 ಆಂಪ್ಸ್, ತ್ರೀ ಫೇಸ್, ಹಳೇ ಎಸ್‌ಸಿಆರ್ ಚಾರ್ಜರ್. ಬ್ಯಾಟರಿ 400 ಎಎಚ್. ರಾತ್ರಿ ಚಾರ್ಜ್ ಆದ್ಮೇಲೆ 24 ಸೆಲ್‌ನಲ್ಲೂ 1190ರಿಂದ 1200ರೊಳಗೇ ಬರ್ತಿದೆ. ಶುರುನಲ್ಲಿ ಮೀಟರ್ 30 ಆಂಪ್ಸ್ ತೋರಿಸುತ್ತೆ, ಆಮೇಲೆ ಇಳೀತಾ ಹೋಗುತ್ತೆ.

ಆಸಿಡ್_ಅಣ್ಣ:
ನಾನು ಹೇಳ್ಲಿಲ್ವಾ! 1190 ಅಂದ್ರೆ ಸಲ್ಫೇಷನ್ನೇ. ಕಮ್ಮಿ ಆಂಪ್ಸ್‌ನಲ್ಲಿ ನಿಧಾನಕ್ಕೆ ಚಾರ್ಜ್ ಹಾಕಿ, ಬಿಡಬೇಡಿ. ಹಾಗೇ ನೀರು ಯಾವುದು ಹಾಕ್ತೀರ ಹೇಳಿ.

ತಾರಿಹಾಳ_ಟೆಕ್:
ಫುಲ್ ಚಾರ್ಜಿಗೆ 27 ಡಿಗ್ರಿಯೊಳಗ 1280ರ ಹತ್ರ ಬರಬೇಕು, ಅದು ಖರೆ. ಆದ್ರ 24 ಸೆಲ್ಲೂ ಒಂದೇ ಸಮ ಕೆಳಗ ನಿಂತಾವು ಅಂದ್ರ ಒಳಗ ಹೋಗೂದs ಕಡಿಮಿ ಆಗೇದ. ಸೆಲ್ ಕೆಟ್ರ ಒಂದೆರಡು ಬ್ಯಾರೆ ಬೀಳತಾವ. ಅದs ಚಾರ್ಜರಿಗೆ ಇನ್ನೊಂದು ಬ್ಯಾಟರಿ ಹಚ್ಚಿ ನೋಡೀರೇನು?

ದಾಬಸ್‌ಪೇಟೆ_ಗೋಡೌನ್:
ಇನ್ನೊಂದು ಗಾಡಿನೂ ಇದೆ, ಇದೇ ಚಾರ್ಜರ್. ಅದೂ ಇದೇ ಕಥೆ. ನೀರು ಎಸಿ ಪೈಪಿಂದ ಬರೋದು ಹಿಡಿದಿಟ್ಟು ಹಾಕ್ತೀವಿ.

ಹಳೇ_ವೈಂಡರ್:
ಎರಡು ಗಾಡಿ ಅನ್ನೋದನ್ನ ಮೊದಲೇ ಹೇಳೋಕೆ ಏನಾಗಿತ್ತು ಸ್ವಾಮಿ?

ಆಸಿಡ್_ಅಣ್ಣ:
ಎಸಿ ನೀರಾ!! ಕಾಯಿಲ್ ಮೇಲಿನ ಧೂಳು, ತಾಮ್ರ ಎಲ್ಲ ಅದರಲ್ಲೇ. ಎರಡೂ ಬ್ಯಾಟರಿಗೂ ಅದೇ ನೀರು ತಾನೇ? ಅದಕ್ಕೇ ಎರಡೂ ಹಾಳಾಗಿವೆ.

ಮಂಗ್ಳೂರ್_ಸೋಲಾರ್:
ನಾನು ಮನೆ ಇನ್ವರ್ಟರಿಗೆ ಆರ್‌ಒ ನೀರೇ ಹಾಕ್ತಿದ್ದೆ ಮಾರಾಯ್ರೆ, ಏನೂ ಆಗ್ಲಿಲ್ಲ. ಈಗ ಅದೂ ಇಲ್ಲ, ಪೂರಾ ಲಿಥಿಯಂ ಮಾಡಿದ್ದೇನೆ. ಮಾಡಿನ ಮೇಲೆ ಪ್ಯಾನೆಲ್, ಕೆಳಗೆ 16 ಸೆಲ್‌ನ ಎಲ್‌ಎಫ್‌ಪಿ ಲಿಥಿಯಂ ಬ್ಯಾಟರಿ, ಅದನ್ನು ಕಾಯುವ ಬಿಎಂಎಸ್ ಸರ್ಕ್ಯೂಟ್ ನೇರ ಮೊಬೈಲಿಗೆ. ನೀರೂ ಬೇಡ, ಹೈಡ್ರೋಮೀಟರೂ ಬೇಡ.

ತಾರಿಹಾಳ_ಟೆಕ್:
ಆರ್‌ಒ ನೀರಾಗ ಉಪ್ಪು ಉಳದಿರ್ತದ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬ್ಯಾರೆ ಮಾತಿಲ್ಲ, ಅದನ್ನೂ ಚಾರ್ಜ್ ಮುಗದ ಮ್ಯಾಲೆ ಹಾಕ್ರಿ. ಮೊದಲs ತುಂಬಿಸಿದ್ರ ಗ್ಯಾಸಿಂಗ್ (ಚಾರ್ಜ್ ಕೊನಿಗೆ ಗುಳ್ಳಿ ಏಳೂ) ಹೊತ್ತಿಗೆ ಉಕ್ಕಿ ಆಸಿಡ್ ಟ್ರೇದಾಗ ಬೀಳತದ. ಆಮ್ಯಾಲೆ, ಫೋರ್ಕ್‌ಲಿಫ್ಟಿಗೆ ಬ್ಯಾಟರಿ ಭಾರನ ಬೇಕ್ರಿ, ಅದು ಹಿಂದಿನ ಕೌಂಟರ್‌ವೇಟ್. ನಿಮ್ಮ ಹಗುರ ಲಿಥಿಯಂ ಹಂಗೇ ಇಟ್ರ ಲೋಡ್ ಎತ್ತಿದಾಗ ಗಾಡಿ ಮೂಗಿನ ಮ್ಯಾಲೆ ಬೀಳತದ.

ಮಂಗ್ಳೂರ್_ಸೋಲಾರ್:
ಅದಕ್ಕೆ ಕಬ್ಬಿಣದ ಪ್ಲೇಟ್ ಹಾಕಿ ತೂಕ ಸರಿ ಮಾಡ್ತಾರೆ ಮಾರಾಯ್ರೆ, ಎಂತ ದೊಡ್ಡ ವಿಷಯ.

ಹಳೇ_ವೈಂಡರ್:
ನೀರಿನ ಜಗಳ ಸಾಕು. ದಾಬಸ್‌ಪೇಟೆಯವರೇ, ಎರಡಕ್ಕೆ ಉತ್ತರ ಕೊಡಿ. ಒಂದು, ಚಾರ್ಜರ್ ಸದ್ದು ಬದಲಾಗಿದೆಯಾ? ಎರಡು, ಸಪ್ಲೈ "ಚೆಕ್ ಮಾಡಿದ್ದೀನಿ" ಅಂದ್ರಲ್ಲ, ಯಾವುದರಲ್ಲಿ?

ದಾಬಸ್‌ಪೇಟೆ_ಗೋಡೌನ್:
ಟೆಸ್ಟರ್‌ನಲ್ಲಿ ಸರ್. ಚಾರ್ಜರ್ ಆನ್ ಇರುವಾಗಲೇ ನೋಡಿದ್ದು, ಮೂರು ಫೇಸೂ ಉರೀತಿದೆ. ಸದ್ದು ಹೌದು, ಮೊದಲು ಸಣ್ಣಗೆ ಗುಂಯ್ ಅಂತಿತ್ತು, ಈಗ ದಪ್ಪ ದನಿಯಲ್ಲಿ ಗುರ್ ಅನ್ನುತ್ತೆ, ಬಾಗಿಲೂ ಅದುರುತ್ತೆ.

ಹಳೇ_ವೈಂಡರ್:
ಟೆಸ್ಟರ್ ಒಳಗಿಡಿ. ಮಲ್ಟಿಮೀಟರ್ 600 ವೋಲ್ಟ್ ಎಸಿ ರೇಂಜ್‌ಗೆ ಇಟ್ಟು, ಚಾರ್ಜರ್ ಲೋಡ್‌ನಲ್ಲಿರುವಾಗ ಇನ್‌ಕಮಿಂಗ್ ಟರ್ಮಿನಲ್‌ನಲ್ಲಿ ಫೇಸ್ ಟು ಫೇಸ್ ನೋಡಿ. ಕೈಗೆ ಗ್ಲೌಸ್ ಇರಲಿ. ಹಾಗೇ ಎಸಿಯನ್ನ ಡಿಸಿ ಮಾಡೋ ರೆಕ್ಟಿಫೈಯರ್ ಔಟ್‌ಪುಟ್‌ನಲ್ಲಿ, ಚೋಕ್‌ಗಿಂತ (ಏರಿಳಿತ ತಗ್ಗಿಸೋ ಕಾಯಿಲ್) ಮೊದಲು, ಮೀಟರ್‌ನ ಹರ್ಟ್ಜ್ ಬಟನ್ ಒತ್ತಿ ರಿಪಲ್, ಅಂದ್ರೆ ಡಿಸಿಯಲ್ಲಿ ಉಳಿದ ಏರಿಳಿತ, ಸೆಕೆಂಡಿಗೆ ಎಷ್ಟಿದೆ ನೋಡಿ. ಮೂರು ಫೇಸೂ ಇದ್ರೆ 300 ಬರಬೇಕು, 100 ಬಂದ್ರೆ ಒಂದು ಫೇಸ್ ಇಲ್ಲ.

ಆಸಿಡ್_ಅಣ್ಣ:
ಟೆಸ್ಟರ್ ಉರಿದ ಮೇಲೆ ಫೇಸ್ ಇಲ್ಲದೇ ಎಲ್ಲಿ ಹೋಗುತ್ತೆ?

ದಾಬಸ್‌ಪೇಟೆ_ಗೋಡೌನ್:
ಮೂರು ಫೇಸ್ ಆರ್, ವೈ, ಬಿ ಅಂದ್ರೆ, ಆರ್-ವೈ 412. ವೈ-ಬಿ 207. ಬಿ-ಆರ್ 205. ಬಿ ಟು ನ್ಯೂಟ್ರಲ್ 119. ರಿಪಲ್ 100. ಏನ್ ಸರ್ ಇದು?

ಹಳೇ_ವೈಂಡರ್:
ಬಿ ಫೇಸ್ ಸತ್ತಿದೆ. ಟ್ರಾನ್ಸ್‌ಫಾರ್ಮರ್ ಪ್ರೈಮರಿ ಡೆಲ್ಟಾ, ಅಂದ್ರೆ ಮೂರು ವೈಂಡಿಂಗ್ ತ್ರಿಕೋನದಂತೆ ಜೋಡಿಸಿದ್ದು. ಆರ್ ಮತ್ತು ವೈ ಮಧ್ಯೆ 412 ಬಂದಾಗ ಉಳಿದೆರಡು ವೈಂಡಿಂಗ್ ಸೀರೀಸ್‌ನಲ್ಲಿ ಕೂತು ಅದನ್ನ ಅರ್ಧರ್ಧ ಹಂಚಿಕೊಳ್ಳುತ್ತವೆ. ಬಿ ಟರ್ಮಿನಲ್ ಇರೋದು ಅವುಗಳ ನಡುವೆ, ಅದಕ್ಕೇ 206ರ ಆಸುಪಾಸು. ನ್ಯೂಟ್ರಲ್‌ಗೆ 119 ಇದ್ದ ಮೇಲೆ ನಿಯಾನ್ ಟೆಸ್ಟರ್ ಉರಿಯದೇ ಇನ್ನೇನು ಮಾಡುತ್ತೆ? ಆ ಕರೆಂಟ್ ಲೈನಿಂದ ಬಂದದ್ದಲ್ಲ, ಟ್ರಾನ್ಸ್‌ಫಾರ್ಮರ್‌ನಿಂದ ಹಿಂದಕ್ಕೆ ಬಂದದ್ದು. ಒಂದು ಫೇಸ್ ಇಲ್ಲದಿದ್ರೆ ಡಿಸಿ ಸರಾಸರಿ ವೋಲ್ಟೇಜ್ ಬಿದ್ದುಹೋಗುತ್ತೆ. ಸೆಲ್‌ಗೆ 2.4ರಂತೆ 57.6 ದಾಟಿದ್ರೆ ತಾನೇ ಗ್ಯಾಸಿಂಗ್ ಶುರುವಾಗೋದು? ನಿಮ್ಮದು ಅಲ್ಲಿಗೆ ತಲುಪೋದೇ ಇಲ್ಲ. ಕಾರ್ಡ್ ತನ್ನ ಕೈಲಾದಷ್ಟು ಎಸ್‌ಸಿಆರ್ ತೆರೆದು ಕೂತಿದೆ, ಅದರದೇನೂ ತಪ್ಪಿಲ್ಲ.

ತಾರಿಹಾಳ_ಟೆಕ್:
ಫ್ಯೂಸ್ ನೋಡ್ರಿ ಮೊದಲ. ಅಲ್ಲ, ಒಂದು ಫೇಸ್ ಹೋದ್ರ ಲೈನ್ ಕಟ್ ಮಾಡೂ ಸಿಂಗಲ್ ಫೇಸ್ ಪ್ರಿವೆಂಟರ್ ಯಾಕ ಟ್ರಿಪ್ ಆಗಿಲ್ಲ?

ದಾಬಸ್‌ಪೇಟೆ_ಗೋಡೌನ್:
ಮೇನ್ ಆಫ್ ಮಾಡಿ ಗೋಡೆ ಮೇಲಿನ ಬೋರ್ಡ್ ಬಿಚ್ಚಿದೆ. ಬಿ ಫೇಸ್ ಕಿಟ್‌ಕ್ಯಾಟ್ (ಫ್ಯೂಸ್ ಹೋಲ್ಡರ್) ಎಳೆದಾಗ ಪಿಂಗಾಣಿ ಅರ್ಧ ಕೈಗೆ ಬಂತು. ಫ್ಯೂಸ್ ವೈರ್ ಹೋಗಿಲ್ಲ. ಒಳಗಿನ ಕ್ಲಿಪ್ ಸುಟ್ಟು ಕಪ್ಪಾಗಿದೆ, ಸ್ಪ್ರಿಂಗ್ ಹಿಡಿತವೇ ಇಲ್ಲ, ಪಕ್ಕದ ವೈರ್‌ನ ಇನ್ಸುಲೇಷನ್ ಕರಗಿ ಅಂಟಿಕೊಂಡಿದೆ. ಪ್ರಿವೆಂಟರ್ ರಾತ್ರಿ ಹೊತ್ತು ಸುಮ್ಸುಮ್ನೆ ಟ್ರಿಪ್ ಆಗ್ತಿತ್ತು ಅಂತ ಹಿಂದಿನ ಎಲೆಕ್ಟ್ರಿಷಿಯನ್ ಬೈಪಾಸ್ ಮಾಡಿ ಹೋಗಿದ್ದಾನೆ.

ಹಳೇ_ವೈಂಡರ್:
ಸುಮ್ಸುಮ್ನೆ ಅಲ್ಲ ಮಾರಾಯರೇ, ಆ ಕ್ಲಿಪ್ ಬಿಸಿಯಾಗಿ ಕಾಂಟ್ಯಾಕ್ಟ್ ಬಿಟ್ಟಾಗಲೆಲ್ಲ ಅದು ಹೇಳ್ತಿತ್ತು. ಇನ್ನೊಂದು ಕಿಟ್‌ಕ್ಯಾಟ್ ತಂದು ಸಿಕ್ಕಿಸಬೇಡಿ. ಮೂರು ಫೇಸೂ ಒಟ್ಟಿಗೆ ಕಟ್ ಮಾಡೋ ತ್ರೀ ಪೋಲ್ ಎಂಸಿಬಿ ಹಾಕಿ, ಆನ್ ಮಾಡಿದಾಗ ಟ್ರಾನ್ಸ್‌ಫಾರ್ಮರ್ ಒಮ್ಮೆಲೇ ಎಳೆಯೋ ಕರೆಂಟ್‌ಗೆ (ಇನ್‌ರಶ್) ಸಿ ಕರ್ವ್‌ನದು ಟ್ರಿಪ್ ಆದ್ರೆ, ಅದನ್ನ ಹೆಚ್ಚು ತಡೆಯೋ ಡಿ ಕರ್ವ್‌ನದು. ವೈರ್ ಸುಟ್ಟ ಭಾಗ ಕತ್ತರಿಸಿ ಹೊಸ ಲಗ್ ಒತ್ತಿ. ಬೈಪಾಸ್ ಇವತ್ತೇ ಕೀಳಿ.

ಮಂಗ್ಳೂರ್_ಸೋಲಾರ್:
ಸರ್ವಿಸ್‌ನವರ ಕಾರ್ಡ್ ದುಡ್ಡಲ್ಲಿ ಒಂದು ಒಳ್ಳೆ ಕ್ಲಾಂಪ್ ಮೀಟರ್ ತಗೊಳ್ಳಿ. ನನ್ನ ಹತ್ರ ಎರಡು ಫ್ಲೂಕ್ ಕಂಪನಿ ಮೀಟರ್ ಉಂಟು, ಫೋಟೋ ಬೇಕಾದ್ರೆ ಹಾಕ್ತೇನೆ.

ದಾಬಸ್‌ಪೇಟೆ_ಗೋಡೌನ್:
ಎಂಸಿಬಿ ಹಾಕಿಸಿದೆ. ಶುರುನಲ್ಲೇ 78 ಆಂಪ್ಸ್ ಎಳೀತು, ಹಳೇ ಗುಂಯ್ ಸದ್ದು ಬಂದಿದೆ. ಆದ್ರೆ ಬೆಳಿಗ್ಗೆ 1255ಕ್ಕೇ ನಿಂತಿದೆ, 1280 ಬರ್ಲಿಲ್ಲ. ಮತ್ತೆ ಏನು?

ಆಸಿಡ್_ಅಣ್ಣ:
ಸಲ್ಫೇಷನ್!! ಅಷ್ಟು ದಿನ ಅರೆಹೊಟ್ಟೆಯಲ್ಲಿ ಇಟ್ಟಿದ್ದೀರಲ್ಲ, ಪ್ಲೇಟ್ ಮೇಲೆ ಕಟ್ಟದೇ ಇರುತ್ತಾ?

ತಾರಿಹಾಳ_ಟೆಕ್:
ಈ ಸಲ ಅಣ್ಣಾರು ಹೇಳೂದು ಖರೆ ಅದ. ಈಕ್ವಲೈಸಿಂಗ್ ಚಾರ್ಜ್ (ಎಲ್ಲಾ ಸೆಲ್ ಸಮಕ್ಕ ತರೂ ಹೆಚ್ಚಿನ ಚಾರ್ಜ್) ಕೊಡ್ರಿ. ರವಿವಾರ ಗಾಡಿ ನಿಂತಿರ್ತಾವಲ್ಲ, ಫುಲ್ ಆದ ಮ್ಯಾಲೆ 400 ಎಎಚ್‌ಗೆ 12ರಿಂದ 16 ಆಂಪ್ಸ್‌ನ್ಯಾಗ ಮುಂದುವರಸ್ರಿ. ತಾಸಿಗೊಮ್ಮೆ ಹೈಡ್ರೋಮೀಟರ್ ನೋಡ್ರಿ, ಮೂರು ರೀಡಿಂಗ್ ಒಂದೇ ಬಂದ್ರ ನಿಲ್ಲಸ್ರಿ. ಆಸಿಡ್ 50 ಡಿಗ್ರಿ ದಾಟಗೊಡಬ್ಯಾಡ್ರಿ. ಶಟರ್ ತೆರದಿಡ್ರಿ, ಚಾರ್ಜ್ ಆಗೂವಾಗ ಬ್ಯಾಟರಿಯಿಂದ ಬರೂ ಹೈಡ್ರೋಜನ್ ಗಾಳಿಯೊಳಗ ನೂರಕ್ಕ 4 ಆದ್ರ ಕಿಡಿಗೆ ಹೊತ್ಕೊಂತದ. ಚಾರ್ಜ್ ನಡದಾಗ ಪ್ಲಗ್ ಎಳೀಬ್ಯಾಡ್ರಿ.

ದಾಬಸ್‌ಪೇಟೆ_ಗೋಡೌನ್:
ಸರಿ ಸರ್, ಭಾನುವಾರ ಮಾಡ್ತೀನಿ. ಎಸಿ ನೀರು ಇನ್ನೂ ಎರಡು ಕ್ಯಾನ್ ಇದೆ, ಅದನ್ನ ಮುಗಿಸಬಹುದಾ?

ಆಸಿಡ್_ಅಣ್ಣ:
ಗಿಡಕ್ಕೆ ಹಾಕಿ.